ಗೇಟ್ ಪಾಲಣ್ಣನ ಗೋಸುಂಬೆ

ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ ಹೋಗುವ ರೈಲು ಊರುಗಳನ್ನೆಲ್ಲ ಹಿಂದೆ ಬಿಟ್ಟು ಕುರುಚಲು ಗುಡ್ಡಗಳ ನಡುವೆ ನುಗ್ಗುವ ಕಡೆ, ಎತ್ತಿನ ಗಾಡಿಗಳ ಹಾದಿಯೊಂದು ಹಳಿಯನ್ನು ದಾಟುತ್ತಿತ್ತು. ಅಲ್ಲೊಂದು ಕಬ್ಬಿಣದ ಗೇಟು, ಪಕ್ಕದಲ್ಲಿ ಒಂದೇ ಕೋಣೆಯ ಮನೆ, ಹಿಂದೆ ಬೇವಿನ ಮರ, ಸುತ್ತ ಕಳ್ಳಿ ಮತ್ತು ಲಂಟಾನದ ಬೇಲಿ. ಆ ಹಾದಿಯಲ್ಲಿ ಗೇಟು ಹಾಕುವಂಥ ಸಂದಣಿ ಏನಿತ್ತು ಎನ್ನುವುದನ್ನು ರೈಲ್ವೆಯವರನ್ನೇ ಕೇಳಬೇಕು. ದಿನಕ್ಕೆ ಒಂದೆರಡು ರೈಲು, ನಾಲ್ಕಾರು ಗಾಡಿ, ಒಂದಿಷ್ಟು ಕುರಿಮಂದೆ. ಉಳಿದ ಹೊತ್ತಿನಲ್ಲಿ ಗೇಟಿನ ಎರಡೂ ಕಡೆ ಬರೀ ಬಿಸಿಲು ಕಾಯುತ್ತ ನಿಂತಿರುತ್ತಿತ್ತು. ಆ ಬಿಸಿಲಿನ ಜೊತೆ ಬಾಳಿದವನು ಗೇಟ್‌ಮನ್ ಪಾಲಣ್ಣ.

ಪಾಲಣ್ಣ ಹಿರಿಯೂರು ಕಡೆಯ ಹಟ್ಟಿಯವನು, ಕುರಿಗಳ ನಡುವೆ ಹುಟ್ಟಿ ಬೆಳೆದವನು. ಅಪ್ಪನ ಮಂದೆ ಅಣ್ಣಂದಿರಲ್ಲಿ ಹಂಚಿಹೋದಾಗ ತನ್ನ ಪಾಲನ್ನು ಅವರಿಗೇ ಬಿಟ್ಟು, ರೈಲ್ವೆ ಗ್ಯಾಂಗಿನಲ್ಲಿ ಜಲ್ಲಿ ಹೊತ್ತು, ಕೊನೆಗೆ ಈ ಗೇಟಿಗೆ ಬಂದ. ಸರ್ಕಾರಿ ನೌಕರ ಎಂದು ಗುಡ್ಡದಾಚೆಯ ಹಟ್ಟಿಯವರು ಹೆಣ್ಣು ಕೊಟ್ಟರು. ಹುಡುಗಿ ಜುಂಜಮ್ಮ. ಕುರಿಯ ಬ್ಯಾ ಬ್ಯಾ, ನಾಯಿಗಳ ಬೊಗಳು, ಹತ್ತು ಮನೆಯ ಹೆಂಗಸರ ಜಗಳ, ಇವುಗಳ ನಡುವೆ ಬೆಳೆದ ಹೆಣ್ಣು ಈ ಗೇಟಿಗೆ ಬಂದು ಕುಳಿತಳು. ಗಂಡನೋ ಮಾತಿನಲ್ಲಿ ಮಹಾ ಜಿಪುಣ. ರೈಲಿಗೆ ತೋರಿಸುವ ಹಸಿರು ಬಾವುಟವನ್ನೇ ಹೆಂಡತಿಗೂ ತೋರಿಸಿ ಸುಮ್ಮನಾಗುವ ಜಾತಿ. ಎರಡು ಮಳೆಗಾಲ ಸಹಿಸಿದಳು. ಮೂರನೆಯದರ ಮುಂಚೆ ಒಂದು ಬೆಳಗ್ಗೆ, "ನಾನು ಹಟ್ಟಿಗೆ ಹೋಗ್ತೀನಿ" ಎಂದಳು. ಪಾಲಣ್ಣ "ಹೂಂ" ಎಂದ. ಹೋದಳು.

ಆಮೇಲೊಮ್ಮೆ ರಜ ಹಾಕಿ ಕರೆಯಲು ಹೋದ. ಮಾವನ ಮನೆಯಲ್ಲಿ ಮುದ್ದೆ ಉಂಡ, ಮಳೆ ಬೆಳೆ ಮಾತಾಡಿದ. ಜುಂಜಮ್ಮ ಒಳಗಿನಿಂದ ನೀರು ತಂದುಕೊಟ್ಟಳು, ಕುಡಿದ, ಎದ್ದು ಬಂದ. ಯಾಕೆ ಹೋಗಿದ್ದನೋ ಆ ಮಾತೊಂದು ಬಿಟ್ಟು ಮಿಕ್ಕಿದ್ದೆಲ್ಲ ಆಡಿದ್ದ. ಅಷ್ಟು ದೂರ ನಡೆದು ಬಂದವನ ಮುಖ ನೋಡಿದರೆ ಅವಳಿಗೆ ತಿಳಿಯಬಾರದೆ ಎಂದು ದಾರಿಯುದ್ದಕ್ಕೂ ಸಿಟ್ಟು ಮಾಡಿಕೊಂಡ. ಆ ಸಿಟ್ಟನ್ನು ಗೇಟಿಗೆ ತಂದು ಮನೆಯೊಳಗಿಟ್ಟುಕೊಂಡು ವರ್ಷಗಟ್ಟಲೆ ಸಾಕಿದ. ಒಂಟಿ ಮನುಷ್ಯನಿಗೆ ಸಿಟ್ಟು ಕೂಡ ಒಂದು ಒಡನಾಟವೇ.

ಹಟ್ಟಿಯ ಸುದ್ದಿ ತರುತ್ತಿದ್ದವಳು ಓಬವ್ವ. ಜುಂಜಮ್ಮನಿಗೆ ಚಿಕ್ಕಮ್ಮ, ಮೊಸರು ಮಾರುವವಳು. ಹೊಳಲ್ಕೆರೆಯಲ್ಲಿ ಮಾರಿ ಹಿಂದಿರುಗುವಾಗ ಪಾಲಣ್ಣನ ಕಟ್ಟೆಯ ಮೇಲೆ ಬುಟ್ಟಿ ಇಳಿಸಿ, ಎಲೆಯಡಿಕೆ ಹಾಕಿಕೊಂಡು, ಯಾರ ಕುರಿ ಈಯಿತು, ಯಾರ ಮಗಳು ನೆರೆದಳು ಎಂದು ಒಂದೇ ಸಮನೆ ಹೇಳುತ್ತಿದ್ದಳು. ನಡುವೆ ಎಲ್ಲೋ ಒಂದು ಕಡೆ, ಕೇಳದಿದ್ದರೂ, "ಜುಂಜಿಗೆ ಮೈಯಾಗೆ ಹುಷಾರಿರಲಿಲ್ಲ, ಈಗ ಪರವಾಗಿಲ್ಲ" ಎಂಬಂಥ ಒಂದು ಮಾತು ಬರುತ್ತಿತ್ತು. ಪಾಲಣ್ಣ ಕೈಯಲ್ಲಿನ ಕದಿರು ತಿರುಗಿಸುತ್ತ, ಉಣ್ಣೆಯ ಎಳೆ ನೂಲುತ್ತ, ಕೇಳಿಸಲಿಲ್ಲವೆಂಬಂತೆ ಕುಳಿತಿರುತ್ತಿದ್ದ. ಆದರೆ ಬೆಳಗಿನಿಂದ ಅವನು ಕಾದದ್ದು ಆ ಒಂದು ಮಾತಿಗೇ.

ರೈಲ್ವೆ ಮುಷ್ಕರವಾಯಿತಲ್ಲ, ಅದರ ಮರುವರ್ಷದ ಮುಂಗಾರಿನಲ್ಲಿ ಗೋಸುಂಬೆ ಬಂತು. ಸಂಜೆಯ ರೈಲಿಗೆ ಗೇಟು ಹಾಕಿ ನಿಂತವನು ನೋಡುತ್ತಾನೆ, ಎರಡು ಹಳಿಗಳ ನಡುವೆ ಒಂದು ಗೋಸುಂಬೆ. ಎತ್ತಿದ ಕಾಲನ್ನು ಇಡಲೋ ಬೇಡವೋ ಎಂದು ಗಾಳಿಯಲ್ಲೇ ತೂಗುತ್ತ, ಒಂದು ಹೆಜ್ಜೆ ಮುಂದಿಟ್ಟು ಅರ್ಧ ಹೆಜ್ಜೆ ಹಿಂದೆ ಸರಿಯುತ್ತ, ಜಗತ್ತಿನಲ್ಲಿ ರೈಲು ಎಂಬುದು ಇದೆಯೆಂದೇ ಗೊತ್ತಿಲ್ಲದಂತೆ ಹೊರಟಿತ್ತು. ಆ ಕಡೆ ಎಂಜಿನ್ನಿನ ಹೊಗೆ ಕಾಣಿಸಿತು. ಪಾಲಣ್ಣ ಓಡಿಹೋಗಿ ಕೈಯಲ್ಲಿದ್ದ ಬಾವುಟದ ಕೋಲನ್ನೇ ಮುಂದೆ ಚಾಚಿದ. ಅದು ಕೋಲನ್ನು ನಾಲ್ಕೂ ಕಾಲಿನಿಂದ ಬಿಗಿಯಾಗಿ ಹಿಡಿಯಿತು. ರೈಲು ದಾಟಿದಾಗ ಅವನ ಕೈಯ ಹಸಿರು ಬಾವುಟದ ಮೇಲೆ ಗೋಸುಂಬೆ ಕುಳಿತಿತ್ತು, ಸಿಟ್ಟಿನಿಂದ ಕಪ್ಪಗಾಗಿ. ಡ್ರೈವರ್ ಬಗ್ಗಿ ನೋಡಿ ನಗುತ್ತ ಹೋದ.

ಬಾಗಿಲ ಬಳಿಯ ಲಂಟಾನದ ಕೊಂಬೆಗೆ ಬಿಟ್ಟ. ಮರುದಿನ ನೋಡಿದರೆ ಅಲ್ಲೇ ಇತ್ತು, ಈಗ ಎಲೆಯಷ್ಟು ಹಸಿರು. ಪಾಲಣ್ಣನಿಗೆ ಒಳಗೊಳಗೇ ಖುಷಿಯಾಯಿತು, ಹಿಂದೆಯೇ ಭಯವೂ ಆಯಿತು. ಇವತ್ತು ಇದೆ, ನಾಳೆ? ಕಟ್ಟದೇ ಬಿಟ್ಟದ್ದು ಉಳಿಯುವುದಿಲ್ಲ ಎನ್ನುವುದನ್ನು ಅವನು ಅನುಭವಿಸಿ ತಿಳಿದಿದ್ದ. ತಾನೇ ನೂತ ಮೆತ್ತನೆಯ ಉಣ್ಣೆ ದಾರವನ್ನು ಅದರ ಸೊಂಟಕ್ಕೆ ಸಡಿಲವಾಗಿ ಸುತ್ತಿ, ಇನ್ನೊಂದು ತುದಿಯನ್ನು ಕೊಂಬೆಗೆ ಕಟ್ಟಿದ. "ತಮ್ಮಾ, ಇಲ್ಲೇ ಇರು" ಎಂದ. ಆ ವಾರದಲ್ಲಿ ಅವನು ಬಾಯಿಬಿಟ್ಟು ಆಡಿದ ಮೊದಲ ಮಾತು ಅದೇ ಇರಬೇಕು.

ಸಾಕುವುದೆಂದರೆ ಪಾಲಣ್ಣನಿಗೆ ಗೊತ್ತಿದ್ದದ್ದು ಕುರಿ ಸಾಕುವುದು. ಗೋಸುಂಬೆಗೆ ಸೊಪ್ಪು ಹಿಡಿದ, ನೋಡಲಿಲ್ಲ. ಮುದ್ದೆಯ ಚೂರು ಹಿಡಿದ, ಕಣ್ಣು ಆ ಕಡೆ ತಿರುಗಿಸಿತು. ಒಂದು ಮಿಡತೆ ತಾನಾಗಿ ಬಂದು ಎದುರಿನ ಎಲೆಯ ಮೇಲೆ ಕೂತದ್ದೇ ತಡ, ಮೈಯಷ್ಟೇ ಉದ್ದದ ನಾಲಗೆ ಹೊರಬಿದ್ದು ಒಳಗೆ ಹೋಯಿತು, ಮಿಡತೆ ಇರಲಿಲ್ಲ. ಅವತ್ತಿನಿಂದ ಪಾಲಣ್ಣ ಮಿಡತೆ ಹಿಡಿಯುವ ನೌಕರಿಗೂ ಸೇರಿದ. ಮಿಡತೆಯೊಂದನ್ನೇ ಕೊಟ್ಟರೆ ಬೇಸರಪಟ್ಟು ಮುಖ ತಿರುಗಿಸುತ್ತದೆಂದು ನೊಣ, ಹುಳು, ಜೀರುಂಡೆ ಎಲ್ಲವನ್ನೂ ಹುಡುಕಿ ತಂದ. ಬೆಳಗಿನ ಬಿಸಿಲಿಗೆ ಮೈ ಒಡ್ಡಿ ಕಾಯಿಸಿಕೊಳ್ಳುತ್ತದೆ, ಮಧ್ಯಾಹ್ನ ಎಲೆಯ ಮರೆ ಬೇಕು, ಕೈಯಲ್ಲಿ ಎತ್ತಿದರೆ ಮೈ ಕಪ್ಪಾಗಿ ಬುಸುಗುಟ್ಟುತ್ತದೆ, ಎತ್ತದಿದ್ದರೆ ತನ್ನ ಪಾಡಿಗೆ ತಾನು ಚೆನ್ನಾಗಿರುತ್ತದೆ: ಒಂದೊಂದನ್ನೇ ನೋಡಿ ಕಲಿತ. ಅದರ ಒಂದು ಕಣ್ಣು ಹೊಳಲ್ಕೆರೆ ಕಡೆ, ಇನ್ನೊಂದು ದುರ್ಗದ ಕಡೆ. ರೈಲ್ವೆಯವರು ಗೇಟಿಗೆ ಇದನ್ನೇ ನೇಮಿಸಬಹುದಿತ್ತು ಎಂದುಕೊಂಡು ಒಬ್ಬನೇ ನಕ್ಕ.

ಮಳೆ ಹಿಂದೆ ಸರಿದು ಒಣಹವೆ ಬಿದ್ದಾಗ ಗೋಸುಂಬೆಯ ಕಣ್ಣುಗಳು ಒಳಗೆ ಇಳಿದವು. ತೆಂಗಿನ ಚಿಪ್ಪಿನಲ್ಲಿ ನೀರಿಟ್ಟರೆ ಮೂಸಿಯೂ ನೋಡಲಿಲ್ಲ. ದನದ ಆಸ್ಪತ್ರೆಯ ಕಾಂಪೌಂಡರ್ ಮೂರ್ತಪ್ಪ ಸೈಕಲ್ಲಿನಲ್ಲಿ ಬಂದವನು ಗೇಟು ತೆಗೆಯುವುದನ್ನು ಕಾಯುತ್ತ ನಿಂತಿದ್ದ. ಪಾಲಣ್ಣ ಅಳುಕುತ್ತ ತೋರಿಸಿದ.

"ಇದ್ಕೆ ಏನಾಗೈತೆ ನೋಡ್ರಿ ಮೂರ್ತಪ್ಪಾರೆ."

"ಅಲ್ಲಪ್ಪ, ಎಮ್ಮೆ ತೋರ್ಸಿದೋರ್ನ ಕಂಡಿದೀನಿ, ಕೋಳಿ ತೋರ್ಸಿದೋರ್ನ ಕಂಡಿದೀನಿ!" ಎಂದು ಮೂರ್ತಪ್ಪ ನಕ್ಕ. ಆದರೂ ಬಗ್ಗಿ ನೋಡಿದ. "ಇದ್ರ ವಿದ್ಯೆ ನಂಗೆ ಗೊತ್ತಿಲ್ಲ. ಆದ್ರೆ ಕರುವಿಗೆ ಹಿಂಗೆ ಕಣ್ಣು ಗುಳಿ ಬಿದ್ರೆ ಮೈಯಾಗೆ ನೀರು ಕಮ್ಮಿ ಆಗೈತೆ ಅಂತ. ಹೆಂಗಾದ್ರೂ ಕುಡಿಸು."

ಹೇಗೆ ಕುಡಿಸುವುದು? ಮುಖ ತೊಳೆದು ಕೈ ಕೊಡವಿದಾಗ ನಾಲ್ಕು ಹನಿ ಎಲೆಯ ಮೇಲೆ ಬಿದ್ದವು. ಹನಿ ಜಾರತೊಡಗಿದ್ದೇ ಗೋಸುಂಬೆ ಬಾಯಿ ಚಾಚಿ ಚಪ್ಪರಿಸಿತು. ನಿಂತ ನೀರು ಅದಕ್ಕೆ ನೀರೇ ಅಲ್ಲ, ಎಲೆಯ ಮೇಲೆ ಜಾರುವ ಹನಿಯೇ ನೀರು. ಪಾಲಣ್ಣ ಬೇವಿನ ಸೊಪ್ಪನ್ನು ಚೊಂಬಿನಲ್ಲಿ ಅದ್ದಿ ಅದ್ದಿ ಕೊಂಬೆಯ ಮೇಲೆ ಚಿಮುಕಿಸಿದ. ಅದು ಕಣ್ಣು ಮುಚ್ಚಿ ಕುಡಿಯುತ್ತಿದ್ದರೆ ಅವನ ಕಣ್ಣು ಮಂಜಾಯಿತು. ತನ್ನ ಕೈಯಿಂದ ಯಾರಾದರೂ ಏನಾದರೂ ಕುಡಿದು ಎಷ್ಟು ಕಾಲವಾಗಿತ್ತು!

ಇಷ್ಟು ದಿನ ಎಲೆಯ ಹಸಿರಿನಲ್ಲಿ ಅಡಗಿದ್ದ ಅದು ಓಬವ್ವನ ಕಣ್ಣಿಗೆ ಬಿದ್ದದ್ದು ಆಗಲೇ. ಬುಟ್ಟಿ ಇಳಿಸಲು ಬಂದವಳು ನಾಲ್ಕು ಹೆಜ್ಜೆ ಹಿಂದಕ್ಕೆ ಹಾರಿದಳು.

"ಅಯ್ಯೋ ಅಳಿಮಯ್ಯ! ಅದನ್ನ ಬಾಗಿಲಾಗೆ ಕಟ್ಕಂಡಿದೀಯಲ್ಲ, ನಿಂಗೇನು ತಲೆ ನೆಟ್ಟಗೈತೋ ಇಲ್ವೋ? ಅದು ಉಗುಳಿದ್ರೆ ಕಣ್ಣು ಹೋಗ್ತವಂತೆ."

"ಅದು ಉಗುಳಲ್ಲತ್ತೆ. ಪಾಪದ್ದು."

"ಪಾಪದ್ದಂತೆ! ಗಳಿಗೆಗೊಂದು ಬಣ್ಣ ಬದಲಾಯ್ಸೋದು ಪಾಪದ್ದಾ? ಅದು ಇರೋವರ್ಗೂ ನಾನು ನಿನ್ನ ಕಟ್ಟೆ ತುಳಿಯಲ್ಲ ನೋಡು."

ಹೇಳಿದಂತೆಯೇ ಮಾಡಿದಳು. ಮಾರನೆಯ ದಿನದಿಂದ ಸೆರಗು ಮುಖಕ್ಕೆ ಎಳೆದುಕೊಂಡು, ಹಾದಿಯ ಆ ಅಂಚಿನಲ್ಲೇ ಸರಸರನೆ ದಾಟಿಹೋದಳು. ಗಾಡಿಯವರೂ ಪಾಲಣ್ಣನ ಮಡಕೆಯ ನೀರು ಕೇಳುವುದನ್ನು ಬಿಟ್ಟರು. ಜುಂಜಮ್ಮನ ಸುದ್ದಿ ನಿಂತುಹೋಯಿತು. ಗೋಸುಂಬೆಯನ್ನು ಗುಡ್ಡಕ್ಕೆ ಬಿಟ್ಟುಬಂದರೆ ಓಬವ್ವ ಬಂದು ಕೂರುತ್ತಾಳೆ, ಆ ಒಂದು ಮಾತು ಮತ್ತೆ ಸಿಗುತ್ತದೆ. ಎಷ್ಟೋ ಸಲ ದಾರದ ಗಂಟಿಗೆ ಕೈ ಹಾಕಿದ. ಅದು ಒಂದು ಕಣ್ಣನ್ನು ನಿಧಾನವಾಗಿ ಅವನ ಕಡೆ ಹೊರಳಿಸುತ್ತಿತ್ತು. ಕೈ ಹಿಂದೆ ಬರುತ್ತಿತ್ತು. ದೂರದಲ್ಲಿರುವವಳ ಸುದ್ದಿಗಿಂತ ಹತ್ತಿರದಲ್ಲಿರುವ ಉಸಿರು ದೊಡ್ಡದೆನಿಸಿತು, ಅದನ್ನು ತಪ್ಪೆನ್ನಲು ನನಗೆ ಬಾಯಿ ಬರುವುದಿಲ್ಲ.

ಹಿಂಗಾರು ಹತ್ತಿರವಾಗುವ ಹೊತ್ತಿಗೆ ಗೋಸುಂಬೆಯ ಹೊಟ್ಟೆ ಎರಡೂ ಕಡೆ ಉಬ್ಬತೊಡಗಿತು. ಮಿಡತೆ ತೋರಿಸಿದರೆ ಬೇಡವೆಂದಿತು. ಪಾಲಣ್ಣ ಒಂದೇ ನೋಟಕ್ಕೆ ತೀರ್ಮಾನಿಸಿಬಿಟ್ಟ: ಹೊಟ್ಟೆಯುಬ್ಬರ. ಹಸಿ ಮೇವು ಹೆಚ್ಚು ತಿಂದ ಕುರಿಗೆ ಹೀಗೇ ಆಗುತ್ತದೆ. ಕುರುಬನಾಗಲಿ ಗೊಲ್ಲನಾಗಲಿ, ಮಂದೆ ಕಾಯ್ದ ಯಾರನ್ನು ಕೇಳಿದರೂ ಮದ್ದು ಒಂದೇ. ಮೇವು ನಿಲ್ಲಿಸು, ಬಾಯಿಗೆ ಒಂದಿಷ್ಟು ಎಣ್ಣೆ ಬಿಡು, ಮಲಗಲು ಬಿಡಬೇಡ, ಮುಂಗಾಲು ಮೇಲಾಗಿ ನಿಲ್ಲಿಸು. ಎಷ್ಟೋ ಕುರಿಗಳನ್ನು ಹೀಗೆ ಉಳಿಸಿದ ಕೈ ಅದು, ಅನುಮಾನವೇ ಬರಲಿಲ್ಲ. ಮಿಡತೆ ಹಿಡಿಯುವುದನ್ನು ನಿಲ್ಲಿಸಿದ. ಕಡ್ಡಿಯ ತುದಿಯಿಂದ ಅದರ ಬಾಯಿಗೆ ಹರಳೆಣ್ಣೆ ಹಚ್ಚಿದ. ದಾರವನ್ನು ಗಿಡ್ಡ ಮಾಡಿ ಕೊಂಬೆಯ ಮೇಲ್ತುದಿಗೆ ಕಟ್ಟಿದ.

ಗೋಸುಂಬೆಗೋ ಒಂದೇ ಹಟ, ಕೆಳಗಿಳಿಯಬೇಕು. ಹಗಲೆಲ್ಲ ಕೊಂಬೆಯ ಮೇಲೆ ಅತ್ತಿಂದಿತ್ತ ಸುತ್ತಿತು, ದಾರ ಎಳೆಯಿತು, ಮುಂಗಾಲಿನಿಂದ ತೊಗಟೆ ಕೆರೆಯಿತು. ಒಮ್ಮೆ ಗಂಟು ಸಡಿಲವಾಗಿ ನೆಲಕ್ಕೆ ಇಳಿದೇಬಿಟ್ಟಿತು. "ಎಲ್ಲಿಗೆ ಹೊಂಟೆ ತಮ್ಮಾ? ನೀನೂ ಹೋಗ್ತೀಯಾ?" ಎಂದು ಎತ್ತಿ ತಂದು ಮತ್ತೆ ಕಟ್ಟಿದ, ಈ ಸಲ ಎರಡು ಗಂಟು ಹಾಕಿ. ಮೈಯೆಲ್ಲ ಕಪ್ಪಾಗಿ ಹಳದಿ ಚುಕ್ಕೆ ಎದ್ದವು. ಆಮೇಲೆ ಎಳೆಯುವುದನ್ನೂ ಬಿಟ್ಟಿತು. ಹಗಲಿನಲ್ಲೇ ಕಣ್ಣು ಮುಚ್ಚಿ, ಕೊಂಬೆಗೆ ಜೋತುಬಿದ್ದಂತೆ ಕುಳಿತಿತು.

ಪಾಲಣ್ಣ ಕದಿರು ಬಿಟ್ಟು ಎದ್ದ. ಕೊಂಬೆಯಿಂದ ಬಿಡಿಸಿ ಅಂಗೈಯಲ್ಲಿಟ್ಟುಕೊಂಡ. ಬುಸುಗುಟ್ಟುವ ಶಕ್ತಿಯೂ ಅದಕ್ಕಿರಲಿಲ್ಲ. ಗಾಳಿ ಎಲ್ಲಿ ನಿಂತಿದೆ ನೋಡೋಣವೆಂದು ಹೊಟ್ಟೆಯ ಮೇಲೆ ಹಗುರಾಗಿ ಬೆರಳಾಡಿಸಿದ. ಬೆರಳು ಅಲ್ಲೇ ನಿಂತಿತು. ಗಾಳಿಯಲ್ಲ. ಅವರೆಕಾಳಿನಂಥವು, ಒಂದರ ಪಕ್ಕ ಒಂದು, ಹೊಟ್ಟೆಯ ತುಂಬ. ಗಬ್ಬದ ಕುರಿಯ ಹೊಟ್ಟೆ ಮುಟ್ಟಿ ಮರಿ ಎಷ್ಟೆಂದು ಹೇಳುತ್ತಿದ್ದ ಬೆರಳುಗಳು ಅವು. ತಮ್ಮ ತಮ್ಮ ಎನ್ನುತ್ತ ಇಷ್ಟು ದಿನ ಇದು ಹೆಣ್ಣಿರಬಹುದೆಂದು ಒಮ್ಮೆಯೂ ಅಂದುಕೊಂಡಿರಲಿಲ್ಲ. ಮೊಟ್ಟೆಯಿಡಲು ಮಣ್ಣು ಹುಡುಕುತ್ತಿದ್ದ ಜೀವವನ್ನು ಉಪವಾಸ ಕೆಡವಿ, ಎತ್ತರದಲ್ಲಿ ಕಟ್ಟಿಹಾಕಿ, ಕಾವಲು ಕುಳಿತಿದ್ದ.

"ತಪ್ಪಾಯ್ತು ಕಣವ್ವ" ಎಂದ. ತಾನೇ ಬಿಗಿದ ಎರಡು ಗಂಟು ಬಿಚ್ಚಲು ಬರಲಿಲ್ಲ. ಕುಡುಗೋಲಿನ ತುದಿಯಿಂದ ದಾರ ಕೊಯ್ದ.

ಮನೆಯ ಸುತ್ತ ಇದ್ದದ್ದು ಜಲ್ಲಿ ಮತ್ತು ಗೊರಸು ತುಳಿದು ಗಟ್ಟಿಯಾದ ನೆಲ. ಸೋತ ಪ್ರಾಣಿ ಅದನ್ನು ತೋಡುವುದುಂಟೇ? ಪಾಲಣ್ಣ ಬೇಲಿಯ ಬುಡದಲ್ಲಿ ಹಾರೆ ಹಾಕಿ ಅಗೆದ. ಹಳ್ಳದಿಂದ ಮರಳು ಬೆರೆತ ಕೆಮ್ಮಣ್ಣು ಹೊತ್ತು ತಂದು ತುಂಬಿದ, ಹದವಾಗಿ ನೀರು ಚಿಮುಕಿಸಿದ, ಮೇಲೆ ಸೊಪ್ಪಿನ ನೆರಳು ಮಾಡಿದ. ಬೇವಿನ ಎಲೆಯಿಂದ ನಾಲ್ಕು ಹನಿ ಕುಡಿಸಿ, ಮಣ್ಣಿನ ಮೇಲೆ ಬಿಟ್ಟು ದೂರ ಸರಿದು ಕುಳಿತ.

ಬಹಳ ಹೊತ್ತು ಅದು ಅಲುಗಲಿಲ್ಲ. ಸತ್ತೇಹೋಯಿತೆಂದು ಪಾಲಣ್ಣ ಎರಡು ಸಲ ಎದ್ದ, ಎರಡು ಸಲವೂ ತಡೆದುಕೊಂಡು ಕೂತ. ಬಿಸಿಲು ಇಳಿಮುಖವಾದಾಗ ಮುಂಗಾಲೊಂದು ಮಣ್ಣು ಕೆದರಿತು. ನಿಂತಿತು. ಮತ್ತೆ ಕೆದರಿತು. ಗೇಟಿನ ಮೇಲೊಂದು ಕಾಗೆ ಬಂದು ಕುಳಿತು ಕತ್ತು ಓರೆ ಮಾಡಿತು, ಕಲ್ಲೆಸೆದು ಓಡಿಸಿದ. ತಲೆ ಗುಂಡಿಯೊಳಗೆ ಇಳಿಯುವಷ್ಟು ತೋಡುವ ಹೊತ್ತಿಗೆ ಸಂಜೆಯ ರೈಲಿನ ಕೂಗು ಕೇಳಿಸಿತು. ನೆಲ ಅದುರುತ್ತದೆ, ಹೆದರಿ ಬಿಟ್ಟುಬಿಟ್ಟರೆ ಇನ್ನೊಮ್ಮೆ ತೋಡಲು ಅದರಲ್ಲಿ ತ್ರಾಣವಿಲ್ಲ. ಕೆಂಪು ಬಾವುಟ ಹಿಡಿದುಬಿಡಲೇ ಎಂಬ ಹುಚ್ಚು ಯೋಚನೆ ಪಾಲಣ್ಣನ ತಲೆಯಲ್ಲಿ ಬಂದು ಹೋಯಿತು. ಹಸಿರನ್ನೇ ಹಿಡಿದ. ರೈಲಿನ ಕಡೆ ಮಾತ್ರ ನೋಡಲಿಲ್ಲ. ನೆಲ ನಡುಗಿತು, ಜಲ್ಲಿ ಕುಣಿಯಿತು, ಗೋಸುಂಬೆ ಗುಂಡಿಯಲ್ಲಿ ಕಲ್ಲಿನಂತೆ ಬಿದ್ದುಕೊಂಡಿತು. ಗದ್ದಲವೆಲ್ಲ ಅಡಗಿದ ಮೇಲೆ, ಸಾವಕಾಶವಾಗಿ, ಮತ್ತೆ ಒಂದು ಹಿಡಿ ಮಣ್ಣು ಹೊರಗೆ ಬಂತು. ಪಾಲಣ್ಣ ಬಾವುಟ ಮಡಿಸುವುದನ್ನೂ ಮರೆತು ಅತ್ತ.

ಮರುದಿನ ಬೆಳಗ್ಗೆ ನೋಡಿದರೆ ಗುಂಡಿ ಮುಚ್ಚಿತ್ತು. ಮೇಲಿನ ಮಣ್ಣನ್ನು ಕಾಲಿನಿಂದ ತಟ್ಟಿ ಸಮ ಮಾಡಿ, ಬರಿದಾದ ಚೀಲದಂತೆ ಬಡವಾದ ಗೋಸುಂಬೆ ಪಕ್ಕದಲ್ಲಿ ಕುಳಿತಿತ್ತು. ಹನಿ ಚಿಮುಕಿಸಿದ, ಕುಡಿಯಿತು. ಮಿಡತೆ ಹಿಡಿದು ಬಿಟ್ಟ, ತಿಂದಿತು. ಬದುಕಿತು. ಕೆಲವು ದಿನ ಹೀಗೆ ಉಪಚಾರ ಮಾಡಿಸಿಕೊಂಡು, ಮೈಗೆ ಹಸಿರು ತಿರುಗಿದ ಮೇಲೆ, ಒಂದು ಬೆಳಗ್ಗೆ ಅದೇ ಅರ್ಧ ಹೆಜ್ಜೆಯ ನಡಿಗೆಯಲ್ಲಿ ಬೇಲಿ ಹತ್ತಿ ಒಳಗೆ ಸೇರಿತು. ದಾರ ಕಟ್ಟಲು ಬೇಕಾದಷ್ಟು ಹೊತ್ತಿತ್ತು. ಪಾಲಣ್ಣ ಕಟ್ಟಲಿಲ್ಲ. ಆಮೇಲೆ ಎಷ್ಟು ಹುಡುಕಿದರೂ ಆ ಎಲೆಗಳಲ್ಲಿ ಅದು ಯಾವುದೆಂದು ಕಾಣಲಿಲ್ಲ.

ಒಂಟಿಯಾಗಿ ಕುಳಿತು ಅವನು ತನ್ನದೇ ಒಂದು ಅರ್ಥ ಮಾಡಿಕೊಂಡ. ಹೋಗಲೇಬೇಕಾದದ್ದನ್ನು ಹಿಡಿದಿಟ್ಟರೆ ಸಾಯುತ್ತದೆ. ಜುಂಜಿಯೂ ಹಾಗೇ ಇದ್ದಿರಬೇಕು, ಹೋದದ್ದು ಸರಿ. ಹಾಗೆಂದುಕೊಂಡದ್ದೇ, ಅಷ್ಟು ವರ್ಷದ ಸಿಟ್ಟು ಯಾವ ಮಾಯದಲ್ಲೋ ಇಳಿದುಹೋಯಿತು. ಹಗುರಾಗುತ್ತದೆಂದು ಕಾದ. ಹಗುರಾಗಲಿಲ್ಲ. ಮನೆಯೊಳಗೆ ಜೊತೆಗಿದ್ದ ಕೊನೆಯದೂ ಎದ್ದುಹೋದಂತಾಗಿ, ಆ ಒಂದು ಕೋಣೆ ಮೊದಲಿಗಿಂತ ದೊಡ್ಡದಾಯಿತು.

ಗೋಸುಂಬೆ ಹೋಯಿತೆಂದು ಕೇಳಿ ಓಬವ್ವ ಮತ್ತೆ ಕಟ್ಟೆಗೆ ಬಂದಳು. ಸುತ್ತ ನಾಲ್ಕು ಸಲ ಕಣ್ಣಾಡಿಸಿಯೇ ಬುಟ್ಟಿ ಇಳಿಸಿದಳು. ಎಲೆಯಡಿಕೆ ಮುಗಿಸಿ ಎದ್ದು ಹೊರಟಾಗ ಪಾಲಣ್ಣ ಕಷ್ಟಪಟ್ಟು ಬಾಯಿ ತೆರೆದ.

"ಅತ್ತೆ, ಜುಂಜಿಗೊಂದು ಮಾತು ಹೇಳ್ತೀಯಾ?"

ಓಬವ್ವ ತಲೆಗೆತ್ತುತ್ತಿದ್ದ ಬುಟ್ಟಿ ಅರ್ಧಕ್ಕೇ ನಿಂತಿತು. "ಏನಪ್ಪ?"

"ನಂಗೆ ಅವಳ ಮ್ಯಾಲೆ ಸಿಟ್ಟಿಲ್ಲ ಅಂತ."

ಓಬವ್ವ ಅವನ ಮುಖವನ್ನೇ ನೋಡಿದಳು. "ಸಿಟ್ಟಾ? ನಿಂಗೆ ಸಿಟ್ಟಿತ್ತಾ ಅಳಿಮಯ್ಯ? ಅವಳಿಗೆ ಅದೇ ಗೊತ್ತಿಲ್ಲವಲ್ಲಪ್ಪ! ‘ಹೋಗ್ತೀನಿ ಅಂದೆ, ಬ್ಯಾಡ ಅಂತ ಒಂದು ಮಾತು ಅನ್ಲಿಲ್ಲ, ಕರೆಯಕ್ಕೆ ಬಂದ್ನೋ ಉಣ್ಣಕ್ಕೆ ಬಂದ್ನೋ ಅದೂ ತಿಳೀಲಿಲ್ಲ, ನಾನು ಇದ್ರೂ ಒಂದೇ ಇಲ್ದಿದ್ರೂ ಒಂದೇ’ ಅಂತ ಈಗ್ಲೂ ಕಣ್ಣೀರು ಹಾಕ್ತಾಳೆ. ಬ್ಯಾಡ ಅಂದಿದ್ರೆ ಇರ್ತಿದ್ಲು ಕಣಪ್ಪ."

ಕುರಿಯನ್ನು ಕಂಡ ಕಣ್ಣಿನಿಂದ ಗೋಸುಂಬೆಯನ್ನು ನೋಡಿದ್ದ, ಗೋಸುಂಬೆಯನ್ನು ಕಂಡ ಕಣ್ಣಿನಿಂದ ಹೆಂಡತಿಯನ್ನು. ಕಟ್ಟಬಾರದ್ದನ್ನು ಎರಡು ಗಂಟು ಹಾಕಿ ಕಟ್ಟಿದವನು, ಒಂದು ಮಾತಿಗೆ ನಿಲ್ಲುತ್ತಿದ್ದವಳನ್ನು ಹೂಂಗುಟ್ಟಿ ಕಳಿಸಿದ್ದ. ಅಷ್ಟರಲ್ಲಿ ದುರ್ಗದ ಕಡೆಯಿಂದ ರೈಲಿನ ಕೂಗು ಕೇಳಿತು. ನೌಕರಿ ಮಾಡಿದ ಕಾಲುಗಳು ತಾವೇ ಎದ್ದವು. ಓಬವ್ವ ಅವಸರದಲ್ಲಿ ಹಳಿ ದಾಟಿಕೊಂಡಳು. ಪಾಲಣ್ಣ ಗೇಟು ಎಳೆದು, ಬಾವುಟ ಹಿಡಿದು ನಿಂತ.

ಎಂಜಿನ್ನು ಎದುರಿಗೆ ಬಂದಾಗ ಅವನೊಳಗೆ ಏನೋ ಕಿತ್ತು ಬಂತು. ಜೀವಮಾನದಲ್ಲಿ ಎಂದೂ ಕೂಗದವನು ಕೂಗಿದ.

"ಬ್ಯಾಡ ಅಂದ ಅಂತ ಹೇಳತ್ತೇ! ಹೋಗಬ್ಯಾಡ ಅಂದ ಅಂತ ಹೇಳೂ!"

ಡಬ್ಬಿಗಳು ಒಂದರ ಹಿಂದೊಂದು ಸದ್ದು ಮಾಡುತ್ತ ಹಾದುಹೋದವು. ಕಿಟಕಿಯಲ್ಲಿದ್ದ ಯಾರೋ ತಮ್ಮನ್ನೇ ಕರೆದನೆಂದು ಕೈ ಬೀಸಿದರು. ರೈಲು ದಾಟಿದ ಮೇಲೆ ನೋಡಿದರೆ ಓಬವ್ವ ಆಗಲೇ ಗುಡ್ಡದ ಏರು ಹತ್ತುತ್ತಿದ್ದಳು, ಬುಟ್ಟಿಯನ್ನು ಸೊಂಟಕ್ಕೆ ಬದಲಾಯಿಸಿಕೊಂಡು. ತಿರುಗಿ ನೋಡಲಿಲ್ಲ. ಪಾಲಣ್ಣ ಗೇಟು ತೆಗೆದ. ದಾಟುವವರು ಯಾರೂ ಇರಲಿಲ್ಲ.